ಯಾವ ಜೀಪು?

ಬೆಳಿಗ್ಗೆ ಏಳು ಗಂಟೆಗೆ ಫೋನ್. ಆ ಕಡೆ ಸಕಲೇಶಪುರದ ಹತ್ತಿರ ತೋಟ ಮಾಡಿಕೊಂಡಿರುವ ಪರಿಚಯಸ್ಥರು. ನಮಸ್ಕಾರ ಇಲ್ಲ, ಏನೂ ಇಲ್ಲ. “ಏನ್ ಸ್ವಾಮಿ, ನಿಂತಿರೋ ಜೀಪು ಎದ್ದು ಹೋಗಿ ಡಿಕ್ಕಿ ಹೊಡೆಯುತ್ತಾ?”

ಪೇಪರ್ ಬಿಡಿಸಿ ನೋಡಿದೆ. ಜಿಲ್ಲಾ ಪುಟದ ಕೆಳಗೆ ಸಿಂಗಲ್ ಕಾಲಂ: ‘ಜೀಪ್ ಡಿಕ್ಕಿ: ಬೈಕ್ ಸವಾರ ಸಾವು’. ಆ ತಲೆಬರಹ ಕೊಟ್ಟವನು ನಾನೇ, ಹಿಂದಿನ ರಾತ್ರಿ ಪುಟ ಬಿಡುವ ಹತ್ತು ನಿಮಿಷ ಮುಂಚೆ. ತಾಲ್ಲೂಕಿನ ವರದಿಗಾರ ಕಳಿಸಿದ್ದು ‘ಜೀಪ್ ಮತ್ತು ಬೈಕ್ ನಡುವೆ ಸಂಭವಿಸಿದ ಅಪಘಾತದಲ್ಲಿ’ ಅಂತ. ಸಿಂಗಲ್ ಕಾಲಮಿನಲ್ಲಿ ‘ನಡುವೆ ಸಂಭವಿಸಿದ’ ಕೂರಲ್ಲ. ಕತ್ತರಿಸಿದೆ. ಕತ್ತರಿಸಿದಾಗ ಡಿಕ್ಕಿ ಹೊಡೆದದ್ದು ಜೀಪು ಅಂತಾಯಿತು.

ಆಗಿದ್ದು ಇಷ್ಟು. ತೋಟದ ರೈಟರು (ತೋಟದ ಲೆಕ್ಕಪತ್ರ ಬರೆಯುವವರು) ಜೀಪನ್ನು ಟಾರು ಬಿಟ್ಟು ಪೂರ್ತಿ ಮಣ್ಣಿಗೆ ಇಳಿಸಿ, ಎಂಜಿನ್ ಆಫ್ ಮಾಡಿ, ಕೆಲಸದವರನ್ನು ಇಳಿಸುತ್ತಿದ್ದರು. ಮೇಲಿನ ತಿರುವಿನಲ್ಲಿ ಯಾರೋ ಮನೆ ಕಟ್ಟಲು ತಂದು ಸುರಿದ ಜಲ್ಲಿ ರಸ್ತೆಗೆಲ್ಲ ಹರಡಿತ್ತು. ಬೈಕು ಅದರ ಮೇಲೆ ಜಾರಿ, ಹುಡುಗ ಬಂದು ಜೀಪಿನ ಹಿಂದಿನ ಸ್ಟೆಪ್ನಿಗೆ ಬಡಿದ. ಹೆಲ್ಮೆಟ್ ಹ್ಯಾಂಡಲಿಗೆ ನೇತಾಡುತ್ತಿತ್ತು. ಜಲ್ಲಿಯ ಸುದ್ದಿ ನಮ್ಮ ಪೇಪರಿನಲ್ಲಿ ಎಲ್ಲೂ ಇರಲಿಲ್ಲ. ಮೂರು ದಿನ ಬಿಟ್ಟು ಎರಡು ಸಾಲಿನ ತಿದ್ದುಪಡಿ ಹಾಕಿದೆವು, ಚೆಸ್ ಪಂದ್ಯದ ಸುದ್ದಿಯ ಕೆಳಗೆ. ಅಷ್ಟರಲ್ಲಿ ಆ ರೈಟರ ಮನೆಗೆ ನೆಂಟರೆಲ್ಲ ಫೋನ್ ಮಾಡಿ ವಿಚಾರಿಸಿ ಆಗಿತ್ತು.

ನನಗೆ ಹೆಚ್ಚು ಚುಚ್ಚಿದ್ದಕ್ಕೆ ಇನ್ನೊಂದು ಕಾರಣ ಇದೆ. ನನ್ನ ಹತ್ತಿರವೇ ಒಂದು ಹಳೆಯ ಮಹೀಂದ್ರ ಎಂಎಂ 540 ಇದೆ, ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವಂಥದ್ದು. ಅಪ್ಪನ ಕಾಲದ್ದು. ಭಾನುವಾರ ಅದರಲ್ಲಿ ಊರಿಗೆ ಹೋಗುವವನು, ವಾರದ ಆರು ರಾತ್ರಿ ‘ಜೀಪ್ ಡಿಕ್ಕಿ’ ಅಂತ ಬರೆಯುತ್ತಿದ್ದೆ.

ಅವತ್ತಿನಿಂದ ಒಂದು ರೂಲ್ಡ್ ನೋಟ್‌ಬುಕ್ ಇಟ್ಟುಕೊಂಡೆ. ನಮ್ಮದೇ ಪುಟಕ್ಕೆ ಬಂದ ಅಪಘಾತದ ಸುದ್ದಿಗಳಲ್ಲಿ ಎರಡೇ ಸಂಗತಿ ಬರೆದುಕೊಳ್ಳುತ್ತಿದ್ದೆ: ವಾಕ್ಯದಲ್ಲಿ ಕರ್ತೃ ಯಾರು, ಕ್ರಿಯಾಪದ ಯಾವುದು. ಇದೇನು ಸಂಶೋಧನೆಯಲ್ಲ, ಒಬ್ಬ ಉಪಸಂಪಾದಕನ ಚಟ. ಆದರೆ ಕೆಲವು ವಾರಗಳಲ್ಲೇ ಒಂದು ಚಾಳಿ ಕಣ್ಣಿಗೆ ಬಿತ್ತು. ಬಸ್ಸಾದರೆ ‘ಬ್ರೇಕ್ ವಿಫಲ’. ಬೈಕಾದರೆ ‘ನಿಯಂತ್ರಣ ತಪ್ಪಿ’. ಸಾಧಾರಣ ಕಾರಾದರೆ ‘ಕಾರು–ಬೈಕ್ ಡಿಕ್ಕಿ’, ಇಬ್ಬರಿಗೂ ಸಮಪಾಲು. ಜೀಪಾದರೆ ಅದಕ್ಕೆ ಜೀವ ಬರುತ್ತದೆ: ನುಗ್ಗುತ್ತದೆ, ಗುದ್ದುತ್ತದೆ, ಹರಿಯುತ್ತದೆ. ಮಹೀಂದ್ರದ ಥಾರ್ ಆದರಂತೂ ಕಂಪನಿ ಇಟ್ಟ ಹೆಸರೇ ತಲೆಬರಹಕ್ಕೆ ಏರುತ್ತದೆ. ಸ್ವಿಫ್ಟ್, ಆಲ್ಟೊ ಇತ್ಯಾದಿ ಸುದ್ದಿಯ ಮೂರನೇ ಸಾಲಿನಲ್ಲಿ ತೆಪ್ಪಗೆ ಕೂತಿರುತ್ತವೆ.

ಮುಂದೆ ಎದ್ದ ಪ್ರಶ್ನೆ ಇನ್ನೂ ಮುಜುಗರದ್ದು. ನಾವು ‘ಜೀಪು’ ಅನ್ನುವುದು ಯಾವುದಕ್ಕೆ? ಮಲೆನಾಡಿನಲ್ಲಿ ಚೌಕಾಕಾರದ ಮೈ, ಹಿಂದೊಂದು ಬಾಗಿಲು ಇದ್ದದ್ದೆಲ್ಲ ಜೀಪು. ಕಮಾಂಡರ್ ಜೀಪು, ಟ್ರ್ಯಾಕ್ಸ್ ಜೀಪು, ಬೊಲೆರೊ ಜೀಪು, ಸುಮೊ ಕೂಡ ಜೀಪು. ಪೊಲೀಸರು ಯಾವುದರಲ್ಲಿ ಬಂದರೂ ಪೊಲೀಸ್ ಜೀಪು. ಇವುಗಳಲ್ಲಿ ರಸ್ತೆಯಲ್ಲಿ ಕಾಣುವ ಬಹುಪಾಲು ಬರೀ ಹಿಂದಿನ ಎರಡು ಚಕ್ರದಿಂದ ಓಡುವಂಥವು. ಥಾರ್ ಕೂಡ 2023ರ ಜನವರಿಯಿಂದ ಹಿಂಚಕ್ರ ಚಾಲನೆಯ ಅಗ್ಗದ ಆವೃತ್ತಿಯಲ್ಲಿ ಸಿಗುತ್ತದೆ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮ. ಹಾಗಾಗಿ ‘ಈ ಫೋರ್ ಬೈ ಫೋರ್‌ನವರ ಹಾವಳಿ’ ಅಂತ ಓದುಗರ ಪತ್ರ ಬಂದಾಗ, ಅದಕ್ಕೆ ಕಾರಣವಾದ ಗಾಡಿಗೆ ಮುಂದಿನ ಆಕ್ಸಲಿಗೆ ಶಕ್ತಿ ಹೋಗುವ ಶಾಫ್ಟೇ ಇರಲಿಕ್ಕಿಲ್ಲ.

ಇದ್ದರೂ ಹೆದ್ದಾರಿಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಓಡಿಸದವರಿಗೆ ಇದು ಗೊತ್ತಿರಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ 540ರಲ್ಲಿ ಗೇರಿನ ಪಕ್ಕ ಗಿಡ್ಡ ಲಿವರ್ ಇದೆ. ಅದನ್ನು ಹಾಕಿದರೆ ಮುಂದಿನ, ಹಿಂದಿನ ಆಕ್ಸಲುಗಳು ಒಂದೇ ವೇಗಕ್ಕೆ ಕಟ್ಟಿಬೀಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಸುತ್ತಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಾದರೆ ಚಕ್ರ ಕೊಂಚ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ. ಸ್ಟೀರಿಂಗ್ ಕಲ್ಲಾಗುತ್ತದೆ, ಟೈರು ಕುಂಯ್ ಅನ್ನುತ್ತದೆ, ಆಮೇಲೆ ಲಿವರ್ ಎಳೆದರೂ ಬರುವುದಿಲ್ಲ. ಹಿಮ್ಮುಖ ಹತ್ತಡಿ ಹೋದರೆ ಟಕ್ ಅಂತ ಬಿಡುತ್ತದೆ. ತೋಟದ ಡ್ರೈವರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇನ್ನು ಬ್ರೇಕಿನ ವಿಷಯ: ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೆ ಬ್ರೇಕ್ ಇದೆ. ಫೋರ್ ವೀಲ್ ಹತ್ತಲು, ಕಿತ್ತುಕೊಂಡು ಬರಲು ಸಹಾಯ ಮಾಡುತ್ತದೆಯೇ ಹೊರತು ನಿಲ್ಲಲು ಮಾಡುವುದಿಲ್ಲ. ಹೊಸಬರು ಜಾರಿ ಬೀಳುವುದು ಈ ಭ್ರಮೆಯಲ್ಲೇ.

ಆಮೇಲೆ ಠಾಣೆಯ ಕಡೆ ತಿರುಗಿದೆ. ನಮ್ಮ ಸುದ್ದಿಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅನ್ನುವ ಮಾತು ಮಂತ್ರದ ಹಾಗೆ ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಅಂತ ಒಬ್ಬ ಠಾಣಾ ರೈಟರನ್ನು ಕೇಳಿದೆ. (ತೋಟದಲ್ಲೂ ರೈಟರು, ಠಾಣೆಯಲ್ಲೂ ರೈಟರು; ನಮ್ಮ ಕಡೆ ಬರೆಯುವವರೇ ಜಾಸ್ತಿ.) ಅವರು ನಕ್ಕರು. “ಸರ್, ಆ ಮಾತಿಲ್ಲದೆ ಸೆಕ್ಷನ್ ನಿಲ್ಲಲ್ಲ.” ನಿಜ. ದುಡುಕಿನ ಚಾಲನೆ, ನಿರ್ಲಕ್ಷ್ಯದಿಂದಾದ ಸಾವು ಇವಕ್ಕೆ ಭಾರತೀಯ ದಂಡ ಸಂಹಿತೆಯ 279, 304ಎ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 106(1) ಆಗಿದೆ. ದುಡುಕು ಅಥವಾ ನಿರ್ಲಕ್ಷ್ಯ ಇದ್ದರೆ ಮಾತ್ರ ಅದು ಅಪರಾಧ. ಹಾಗಾಗಿ ದೂರು ಬರೆಯುವಾಗಲೇ ಆ ಪದ ಬಂದು ಕೂರುತ್ತದೆ, ಸಾಮಾನ್ಯವಾಗಿ ದೊಡ್ಡ ಗಾಡಿಯವನ ಹೆಸರಿನ ಮುಂದೆ. ಅದು ಆರೋಪ. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ ಎಲ್ಲ ಬರುವುದು ಆಮೇಲೆ. ನಾವು ಎಫ್‌ಐಆರ್‌ನ ಮೊದಲ ಪ್ಯಾರಾ ಎತ್ತಿ, ‘ದೂರಿನಲ್ಲಿ ತಿಳಿಸಿದ್ದಾರೆ’ ಅನ್ನುವುದನ್ನು ಜಾಗ ಸಾಲದೆ ಕಿತ್ತುಹಾಕಿ, ಆರೋಪವನ್ನೇ ಘಟನೆ ಮಾಡಿ ಮನೆಮನೆಗೆ ಹಂಚುತ್ತಿದ್ದೆವು.

ಫೋರ್ ವೀಲ್ ಗಾಡಿಗಳು ನಿಜಕ್ಕೂ ಹೆಚ್ಚು ಅಪಘಾತ ಮಾಡುತ್ತವೆಯಾ ಅಂತ ಅಂಕಿಅಂಶ ಹುಡುಕಿದೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯಲ್ಲಿ ದ್ವಿಚಕ್ರ, ಆಟೊ, ಲಾರಿ, ಬಸ್ ಅಂತ ಬೇರೆ ಬೇರೆ ಇದೆ. ಕಾರು, ಟ್ಯಾಕ್ಸಿ, ವ್ಯಾನ್, ಲಘು ವಾಹನ ಎಲ್ಲ ಒಂದೇ ಡಬ್ಬಿಯಲ್ಲಿ. ಆಲ್ಟೊ ಮತ್ತು ಥಾರ್ ಪಕ್ಕಪಕ್ಕದಲ್ಲಿ ಕೂತಿವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಪಾದಚಾರಿಗಳು. ಇಷ್ಟು ಅದರಿಂದ ಗೊತ್ತಾಗುತ್ತದೆ. ಯಾವ ಗಾಡಿಗೆ ಎಷ್ಟು ಚಕ್ರಕ್ಕೆ ಶಕ್ತಿ ಹೋಗುತ್ತಿತ್ತು ಅನ್ನುವ ಕಾಲಂ ಅಲ್ಲಿ ಇಲ್ಲ. ಅಂದಮೇಲೆ ‘ಇವರದ್ದೇ ಜಾಸ್ತಿ’ ಅನ್ನುವವರೂ, ‘ನಮ್ಮದೇನೂ ಇಲ್ಲ’ ಅನ್ನುವ ನನ್ನಂಥ ಜೀಪಿನವರೂ ಒಂದೇ ದೋಣಿಯಲ್ಲಿದ್ದೇವೆ.

ಹಾಗಂತ ಈ ಗಾಡಿಗಳು ಪಾಪದವು ಅಂತಲ್ಲ. ಎತ್ತರ ಜಾಸ್ತಿ, ತಿರುವಿನಲ್ಲಿ ಸ್ಟೀರಿಂಗ್ ಒಮ್ಮೆಲೇ ಎಳೆದರೆ ಮಗುಚುತ್ತವೆ. ಬಾನೆಟ್ ಎತ್ತರವಾದಷ್ಟು ನಡೆದು ಹೋಗುವವರಿಗೆ ಕಷ್ಟ. 2023ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ಪ್ರಕಟಿಸಿದ ಅಧ್ಯಯನದ ಪ್ರಕಾರ, 40 ಇಂಚಿಗಿಂತ ಎತ್ತರದ ಬಾನೆಟ್ಟಿನ ಗಾಡಿ ಪಾದಚಾರಿಗೆ ಬಡಿದರೆ, 30 ಇಂಚು ಅಥವಾ ಅದಕ್ಕಿಂತ ಕಡಿಮೆ ಎತ್ತರದ, ಇಳಿಜಾರು ಬಾನೆಟ್ಟಿನ ಗಾಡಿಗಿಂತ ಸಾವಿನ ಸಾಧ್ಯತೆ ಸುಮಾರು ಶೇ 45 ಹೆಚ್ಚು. ಇದು ಎತ್ತರದ ಮಾತು. ನಾಲ್ಕು ಚಕ್ರದ ಚಾಲನೆಯ ಮಾತಲ್ಲ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಬಾರದು ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸುತ್ತೋಲೆ ಕಳಿಸಿದೆ, ಆದರೂ ನಮ್ಮ ಕಡೆ ಅದಿಲ್ಲದ ಜೀಪಿಗೆ ಮೀಸೆ ಇಲ್ಲದ ಹಾಗೆ ಅನ್ನುತ್ತಾರೆ. ನನ್ನದಕ್ಕೂ ಇತ್ತು. ಕಟ್ ಮಾಡಿಸಿದೆ.

ಹೆಸರು ಹಾಕಲೇಬೇಕಾದ ಸಂದರ್ಭವೂ ಇದೆ. 2021ರ ಅಕ್ಟೋಬರ್ 3ರಂದು ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ರೈತರ ಮೇಲೆ ಥಾರ್ ಹರಿಯಿತು; ಆ ಗಾಡಿ ಯಾವುದು, ಯಾರದ್ದು ಅನ್ನುವುದೇ ಪ್ರಕರಣದ ನಡುಗಂಬ. ಅಲ್ಲಿ ‘ವಾಹನ’ ಅಂತ ಬರೆದರೆ ಸತ್ಯ ಮುಚ್ಚಿದ ಹಾಗೆ. ಆದರೆ ಅಂಥ ಒಂದೆರಡು ಘಟನೆಗಳ ನೆರಳು ಎಲ್ಲ ಗಾಡಿಗಳ ಮೇಲೂ ಬೀಳುತ್ತದೆ. 2025ರ ನವೆಂಬರ್‌ನಲ್ಲಿ ಹರಿಯಾಣದ ಪೊಲೀಸ್ ಮಹಾನಿರ್ದೇಶಕರೇ ಥಾರ್ ಮತ್ತು ಬುಲೆಟ್ ಓಡಿಸುವವರ ಬಗ್ಗೆ ಪುಂಡರು ಅನ್ನುವ ಧಾಟಿಯಲ್ಲಿ ಮಾತಾಡಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ಓದಿಕೊಂಡು ಡ್ಯೂಟಿಗೆ ಬಂದ ಉಪಸಂಪಾದಕನ ಮುಂದೆ ರಾತ್ರಿ ಹತ್ತಕ್ಕೆ ‘ಥಾರ್’ ಅನ್ನುವ ಪದ ಬಂದರೆ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ನಾನು ಬದಲಾಯಿಸಿಕೊಂಡದ್ದು ದೊಡ್ಡದೇನಲ್ಲ. ತಾಲ್ಲೂಕಿನಿಂದ ಅಪಘಾತದ ಸುದ್ದಿ ಬಂದರೆ ಟೈಪ್ ಮಾಡುವ ಮೊದಲು ಫೋನ್ ಮಾಡುತ್ತೇನೆ. ಗಾಡಿ ನಿಂತಿತ್ತಾ, ಓಡುತ್ತಿತ್ತಾ? ಯಾವ ಗಾಡಿ? ರಸ್ತೆ ಹೇಗಿತ್ತು? ನೀನು ನೋಡಿದ್ದಾ, ಯಾರಾದರೂ ಹೇಳಿದ್ದಾ? ಕೊನೆಗೆ, ಬೋರ್ಡ್ ಬಿಳಿಯಾ, ಹಳದಿಯಾ?

ಈ ಬೋರ್ಡಿನ ಪ್ರಶ್ನೆ ನನಗೆ ಹೊಳೆದದ್ದು ಒಂದು ಮಳೆಗಾಲದಲ್ಲಿ. ಪ್ರವಾಸಿಗರನ್ನು ಗುಡ್ಡದ ವ್ಯೂ ಪಾಯಿಂಟಿಗೆ ಹತ್ತಿಸುತ್ತಿದ್ದ ಜೀಪು ಮಗುಚಿಬಿದ್ದಿತ್ತು. ಫೋಟೊ ಭರ್ಜರಿ: ನಾಲ್ಕೂ ಚಕ್ರ ಆಕಾಶಕ್ಕೆ. ‘ಜೀಪ್ ಪಲ್ಟಿ, ಪ್ರವಾಸಿಗರಿಗೆ ಗಾಯ’ ಅಂತ ವರದಿ. ಫೋನ್ ಮಾಡಿ ಕೇಳುತ್ತಾ ಹೋದರೆ ಒಂದೊಂದೇ ಹೊರಬಿತ್ತು. ಹಿಂದಿನ ಬೆಂಚಿನಲ್ಲಿ ತೊಡೆಯ ಮೇಲೆ ತೊಡೆ ಹಾಕಿ ಜನ ತುಂಬಿದ್ದರು. ಹಾದಿಯ ಒಂದು ಅಂಚು ಮಳೆಗೆ ಕೊಚ್ಚಿ ಹೋಗಿ ವಾರವಾಗಿತ್ತು. ಬೋರ್ಡ್ ಬಿಳಿ. ಅಂದರೆ ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆ ಓಡಿಸುತ್ತಿದ್ದರು. ಹಾಗಾದರೆ ಗಾಯಗೊಂಡವರ ಪರಿಹಾರದ ಹೊತ್ತಿಗೆ ವಿಮಾ ಕಂಪನಿ ಪಾಲಿಸಿ ಷರತ್ತು ಮುರಿದಿದ್ದೀರಿ ಅಂತ ತಗಾದೆ ತೆಗೆಯುತ್ತದೆ. ಆ ರಾತ್ರಿ ನಾನು ಕೊಟ್ಟ ತಲೆಬರಹ ‘ಕುಸಿದ ಹಾದಿ, ಬಿಳಿ ಬೋರ್ಡ್ ಬಾಡಿಗೆ: ಪ್ರವಾಸಿಗರಿಗೆ ಗಾಯ’. ಸುಂದರವಾಗೇನೂ ಇಲ್ಲ. ಸುದ್ದಿ ಸಂಪಾದಕರು ಹುಬ್ಬೇರಿಸಿದರು. “ಜೀಪ್ ಪಲ್ಟಿ ಅಂದ್ರೆ ನಾಲ್ಕು ಅಕ್ಷರಕ್ಕೆ ಮುಗೀತಿತ್ತಲ್ಲಪ್ಪ?” ಆದರೂ ಬಿಟ್ಟರು. ಮಾರನೇ ವಾರ ಆ ಹಾದಿಗೆ ಯಾರೋ ನಾಲ್ಕು ಡ್ರಮ್ಮು ಅಡ್ಡ ಇಟ್ಟರಂತೆ.

ಎಲ್ಲ ಕಡೆ ಗೆದ್ದಿಲ್ಲ. ವೆಬ್ ವಿಭಾಗದ ಹುಡುಗರ ಹತ್ತಿರ ನನ್ನ ಆಟ ನಡೆಯಲ್ಲ. “ಸರ್, ಥಾರ್ ಅಂತ ಇದ್ರೆ ಒತ್ತುತ್ತಾರೆ, ಕಾರು ಅಂತ ಇದ್ರೆ ದಾಟಿ ಹೋಗ್ತಾರೆ” ಅನ್ನುತ್ತಾರೆ, ಪರದೆಯ ಮೇಲೆ ಗ್ರಾಫ್ ತೋರಿಸುತ್ತಾರೆ. ಒಂದೇ ಘಟನೆ ಮುದ್ರಿತ ಪುಟದಲ್ಲಿ ಒಂದು ಬಗೆ, ಫೋನಿನಲ್ಲಿ ಇನ್ನೊಂದು ಬಗೆ ಬಂದ ದಿನಗಳಿವೆ.

ಕಳೆದ ಶ್ರಾವಣದಲ್ಲಿ ಊರಿಂದ ವಾಪಸು ಬರುವಾಗ ಎದುರು ಬಂದ ಹಾಲಿನ ಗಾಡಿಗೆ ಜಾಗ ಕೊಡಲು ಹೋಗಿ ನನ್ನ 540 ಎಡಗಡೆ ಚರಂಡಿಗೆ ಇಳಿಸಿದೆ. ಗುಂಡಿಯ ಆಳ ಅಂದಾಜು ಮಾಡಿದ್ದು ನಾನು, ತಪ್ಪಿದ್ದೂ ನಾನು. ಗಿಡ್ಡ ಲಿವರ್ ಹಾಕಿದೆ, ಲೋ ಗೇರ್ ಹಾಕಿದೆ, ಎಡಗಡೆಯ ಎರಡೂ ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗಿದವು, ಜೀಪು ಅಲುಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಟ್ರ್ಯಾಕ್ಟರ್ ಜೊತೆ ನಮ್ಮ ತಾಲ್ಲೂಕು ವರದಿಗಾರನೂ ಬಂದ, ಯಾರೋ ಸುದ್ದಿ ಕೊಟ್ಟಿದ್ದರು. ಹಗ್ಗ ಕಟ್ಟಲು ಕೈಜೋಡಿಸಿ, ಫೋನ್ ತೆಗೆದು ಫೋಟೊ ಹೊಡೆದು, ಗಂಭೀರವಾಗಿ ಕೇಳಿದ.

“ಸರ್, ನಿಂತಿತ್ತಾ, ಓಡ್ತಿತ್ತಾ?”