ಇಂಪ್ಲಾಂಟ್ ಹಲ್ಲು ಕಟ್ಟಿಸುವವರು ಕಾಯಲೇಬೇಕಾದ ಮೂರು ತಿಂಗಳು

ದಾವಣಗೆರೆ, ಚಿತ್ರದುರ್ಗ ಎರಡೂ ಊರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿರುವುದರಿಂದ ಇಂಪ್ಲಾಂಟ್ ಹಲ್ಲು, ಅಂದರೆ ದವಡೆ ಎಲುಬಿನೊಳಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಕೃತಕ ಹಲ್ಲು, ಕಟ್ಟಿಸಿಕೊಳ್ಳಲು ನಮ್ಮ ಭಾಗದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೂ ಸಡಿಲಗೊಂಡು ಕಳಚಿದ ಇಂಪ್ಲಾಂಟನ್ನು ಕಾಗದದಲ್ಲಿ ಸುತ್ತಿಕೊಂಡು ಬರುವವರನ್ನು ನನ್ನ ಚಿಕಿತ್ಸಾಲಯದಲ್ಲಿ ಆಗಾಗ ನೋಡುತ್ತೇನೆ. ಅವರಲ್ಲಿ ಬಹಳ ಮಂದಿ ಎಡವಿರುವುದು ಒಂದೇ ಹಂತದಲ್ಲಿ.

ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್-ರೇ) ಮಾಡಿಸಿ, ದವಡೆ ಎಲುಬಿನ ಎತ್ತರ, ದಪ್ಪ ಮತ್ತು ಕೆಳದವಡೆಯ ನರ ಇರುವ ಜಾಗವನ್ನು ಅಳೆಯಬೇಕು. ಸಕ್ಕರೆ ಕಾಯಿಲೆ ಇದ್ದವರು ಎಚ್‌ಬಿಎ1ಸಿ ಎಂಬ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತಿಳಿಸುವ ರಕ್ತ ಪರೀಕ್ಷೆಯ ವರದಿ ತರಬೇಕು. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಅದನ್ನು ಮುಚ್ಚಿಡಬಾರದು. ಇಂಪ್ಲಾಂಟ್ ಕೂರಿಸುವ ದಿನ ರೋಗಿಗೆ ಹೆಚ್ಚಿನ ಕೆಲಸವಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ನೋವೂ ತಿಳಿಯುವುದಿಲ್ಲ.

ಕಷ್ಟವಿರುವುದು ಅನಂತರ. ಕೂರಿಸಿದ ದಿನ ಟೈಟಾನಿಯಂ ಸ್ಕ್ರೂ ಗಟ್ಟಿಯಾಗಿ ನಿಂತಿರುವುದು ಅದರ ಮರೆಗಳು (ಸ್ಕ್ರೂ ಮೈಮೇಲಿನ ಸುರುಳಿ ಏಣುಗಳು) ಹಳೆಯ ಎಲುಬನ್ನು ಕಚ್ಚಿ ಹಿಡಿದಿರುವುದರಿಂದ. ಮುಂದಿನ ಎರಡು–ನಾಲ್ಕು ವಾರಗಳಲ್ಲಿ ದೇಹವು ಆ ಹಳೆಯ ಎಲುಬನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹೊಸದನ್ನು ಕಟ್ಟತೊಡಗುತ್ತದೆ. ಹಳೆಯ ಹಿಡಿತ ಸಡಿಲಿ ಹೊಸ ಹಿಡಿತ ಇನ್ನೂ ಕೂಡಿರದ ಆ ಹೊತ್ತಿಗೆ ಸರಿಯಾಗಿ ಊತವೂ ನೋವೂ ಇಳಿದಿರುವುದರಿಂದ, ರೋಗಿಯು ಎಲ್ಲ ವಾಸಿಯಾಯಿತೆಂದು ತಿಳಿದು ಆ ಬದಿಯಲ್ಲೇ ಅಗಿಯಲು ಶುರುಮಾಡುತ್ತಾನೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೂರನೆಯ ವಾರದಲ್ಲಿ ಹೀಗೆಯೇ ಅಡಿಕೆ ಹೋಳು ಕಚ್ಚಿ ಇಂಪ್ಲಾಂಟ್ ಕಳೆದುಕೊಂಡರು. ತೆಗೆದು ನೋಡಿದರೆ ಮರೆಗಳ ಸುತ್ತ ಎಲುಬಿನ ಬದಲು ಮೆತ್ತನೆಯ ಮಾಂಸ ಬೆಳೆದಿತ್ತು. ಸ್ಕ್ರೂ ಸ್ವಲ್ಪ ಅಲುಗಾಡುತ್ತಿದ್ದರೂ ಎಲುಬು ಅದಕ್ಕೆ ಕೂಡಿಕೊಳ್ಳುವುದಿಲ್ಲ.

ಆದ್ದರಿಂದ ಕೆಳದವಡೆಗೆ ಸುಮಾರು ಮೂರು ತಿಂಗಳು, ಎಲುಬು ಮೆದುವಾಗಿರುವ ಮೇಲ್ದವಡೆಗೆ ನಾಲ್ಕರಿಂದ ಆರು ತಿಂಗಳು ಕಾಯಿರಿ. ಅಲ್ಲಿಯವರೆಗೆ ಖಡಕ್ ರೊಟ್ಟಿ, ಹುರಿಗಡಲೆ, ಅಡಿಕೆ ಆ ಬದಿಗೆ ಹೋಗಕೂಡದು. ಬೀಡಿ, ಸಿಗರೇಟು, ಗುಟ್ಕಾ ಬಿಡಲು ಒಪ್ಪದವರಿಗೆ ನಾನು ಇಂಪ್ಲಾಂಟ್ ಹಾಕುವುದೇ ಇಲ್ಲ. ತಂಬಾಕು ರಕ್ತನಾಳಗಳನ್ನು ಬಿಗಿಯುವುದರಿಂದ ಎಲುಬು ಕೂಡಲು ಬೇಕಾದ ರಕ್ತ ಅಲ್ಲಿಗೆ ತಲುಪುವುದಿಲ್ಲ. ಮೂರೇ ದಿನದಲ್ಲಿ ಹಲ್ಲು ಎಂಬ ಜಾಹೀರಾತನ್ನು ನಂಬಿ ಹೊರಡಬೇಡಿ. ಬೇಗ ಹಲ್ಲು ಕೊಡುವ ವಿಧಾನ ಇರುವುದು ನಿಜ, ಆದರೆ ಅದು ಎಲುಬು ಗಟ್ಟಿಯಿರುವ, ಆಯ್ದ ಕೆಲವರಿಗೆ ಮಾತ್ರ.

ಎಲುಬು ಕೂಡಿದ ಮೇಲೆ ಅಳತೆ ತೆಗೆದು ಕ್ಯಾಪ್ ಕೂರಿಸುತ್ತಾರೆ. ಸಿಮೆಂಟಿನಿಂದ ಅಂಟಿಸುವ ಕ್ಯಾಪ್‌ಗಿಂತ ಸ್ಕ್ರೂನಿಂದ ಬಿಗಿಯುವ ಕ್ಯಾಪನ್ನೇ ಕೇಳಿ. ಒಸಡಿನೊಳಗೆ ಉಳಿದ ಸಿಮೆಂಟು ಕೀವಿಗೆ ದಾರಿಮಾಡುತ್ತದೆ, ಸ್ಕ್ರೂ ಆದರೆ ಬೇಕೆಂದಾಗ ಬಿಚ್ಚಬಹುದು. ಹಲ್ಲುಸಂದಿಯ ಬ್ರಷ್ಷಿನಿಂದ ದಿನವೂ ಒಸಡಿನ ಅಂಚನ್ನು ಶುಚಿಮಾಡಿ.

ಇಂಪ್ಲಾಂಟ್ ಪೊಟ್ಟಣದ ಮೇಲೆ ಕಂಪನಿಯ ಹೆಸರು, ಉದ್ದ, ದಪ್ಪ ಬರೆದ ಅಂಟುಚೀಟಿ ಇರುತ್ತದೆ. ಅದನ್ನು ವೈದ್ಯರಿಂದ ಕೇಳಿ ಪಡೆದು ಸ್ಕ್ಯಾನ್ ಜೊತೆಗೆ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಕ್ಯಾಪ್ ಬಿಗಿದ ಸ್ಕ್ರೂ ಸಡಿಲಾದರೆ ಅದಕ್ಕೆ ಹೊಂದುವ ಬಿಡಿಭಾಗವನ್ನು ಹುಡುಕಲು ಆಗಿನ ವೈದ್ಯರಿಗೆ ಬೇಕಾಗುವುದು ಆ ಚೀಟಿಯೇ.