ಬ್ಲೀಡರ್ ಲೂಸ್ ಮಾಡಿ, ಆಮೇಲೆ ಪಿಸ್ಟನ್ ಒತ್ತಿ

ಕೆಲಸ ಕಲಿತ ಹೊಸದರಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸುವುದು ನನಗೆ ಅರ್ಧ ಗಂಟೆಯ ಕೆಲಸ. ಹಳೆ ಪ್ಯಾಡನ್ನು ಪಿಸ್ಟನ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಮೇಲಿಟ್ಟು ಸಿ ಕ್ಲ್ಯಾಂಪ್ ತಿರುಗಿಸಿದರೆ ಪಿಸ್ಟನ್ ಒಳಗೆ ಹೋಗುತ್ತಿತ್ತು, ಹೊಸ ಪ್ಯಾಡ್ ಕೂರುತ್ತಿತ್ತು. ಒಂದು ದಿನ ಎಂಟು ವರ್ಷದಿಂದ ಬ್ರೇಕ್ ಆಯಿಲ್ ಬದಲಾಯಿಸದ ಕಾರು ಬಂತು. ಅದಕ್ಕೂ ಹಾಗೇ ಮಾಡಿದೆ. ಟ್ರಯಲ್‌ಗೆ ಹೊರಟರೆ ಪೆಡಲ್ ಗಟ್ಟಿ ನಿಲ್ಲುತ್ತಿಲ್ಲ, ಕಾಲಿಟ್ಟಷ್ಟು ಹೊತ್ತೂ ನಿಧಾನಕ್ಕೆ ಕೆಳಗಿಳಿಯುತ್ತಿದೆ. ಹೊರಗೆ ಎಲ್ಲೂ ಸೋರಿಕೆ ಇಲ್ಲ. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬ್ಲಾಕಿನ ಒಂದು ವಾಲ್ವಿನಲ್ಲಿ ಕೊಳೆ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಬ್ಲಾಕನ್ನೇ ಬದಲಾಯಿಸಬೇಕಾಯಿತು.

ಆ ಕೊಳೆ ಬಂದದ್ದು ಕ್ಯಾಲಿಪರಿನಿಂದ, ಅಂದರೆ ಚಕ್ರದ ಬಳಿ ಪಿಸ್ಟನ್, ಪ್ಯಾಡ್ ಹಿಡಿದಿರುವ ಭಾಗದಿಂದ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಕ್ಯಾಲಿಪರ್ ಇರುವುದು ಲೈನಿನ ತುತ್ತತುದಿಯಲ್ಲಿ, ಬಿಸಿಯೂ ಅಲ್ಲೇ ಜಾಸ್ತಿ. ಹಾಗಾಗಿ ತುಕ್ಕಿನ ಪುಡಿ, ಸವೆದ ರಬ್ಬರಿನ ಕಣ ಎಲ್ಲ ಅಲ್ಲೇ ಸೇರುತ್ತವೆ. ಬ್ಲೀಡರ್, ಅಂದರೆ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಸ್ಕ್ರೂ, ಮುಚ್ಚಿಕೊಂಡೇ ಪಿಸ್ಟನ್ ಒತ್ತಿದರೆ ಆ ಆಯಿಲ್ ಹಿಂದಕ್ಕೆ ಓಡಿ ಎಬಿಎಸ್ ಬ್ಲಾಕಿನ ಮೂಲಕವೇ ಮೇಲಕ್ಕೆ ಹೋಗಬೇಕು. ಅಲ್ಲಿನ ವಾಲ್ವುಗಳ ದಾರಿ ಬಹಳ ಸಣ್ಣದು. ಆ ದಿನದಿಂದ ನಾನು ಬ್ಲೀಡರ್ ಲೂಸ್ ಮಾಡದೆ ಯಾವ ಪಿಸ್ಟನ್ನನ್ನೂ ಒತ್ತಿಲ್ಲ.

ಕೆಲಸ ಶುರು ಮಾಡುವ ಮೊದಲು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಿ. ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಅದನ್ನು ಸರ್ವಿಸ್ ಮೋಡಿಗೆ ಹಾಕಲೇಬೇಕು. ಬಲವಂತಕ್ಕೆ ಒತ್ತಿದರೆ ಒಳಗಿನ ಮೋಟರ್, ಗೇರ್ ಹಾಳಾಗುತ್ತವೆ. ಕೇಬಲ್ ಹ್ಯಾಂಡ್‌ಬ್ರೇಕ್ ಕ್ಯಾಲಿಪರಿಗೇ ಜೋಡಿಸಿದ್ದರೆ ಸಾಮಾನ್ಯವಾಗಿ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಕೆಲವು ಹೈಬ್ರಿಡ್ ಕಾರುಗಳಲ್ಲಿ ಬಾಗಿಲು ತೆಗೆದರೂ ಸಾಕು, ಬ್ರೇಕ್ ಪಂಪ್ ತಾನಾಗೇ ಒತ್ತಡ ತುಂಬುತ್ತದೆ. ಅಂಥವನ್ನು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇಲ್ಲದೆ ಮುಟ್ಟಬೇಡಿ, ಬೆರಳು ಹೋಗುತ್ತದೆ.

ಸಮತಟ್ಟಾದ ಗಟ್ಟಿ ನೆಲ ಇರಲಿ. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕಟ್ಟೆ ಕೊಡಿ. ಜಾಕ್ ಎತ್ತುವುದಕ್ಕೆ ಮಾತ್ರ, ಕಾರು ಕೂರಬೇಕಾದದ್ದು ಸ್ಟ್ಯಾಂಡ್ ಮೇಲೆ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಲ್ಲಿ ಒರೆಸಿ.

ಕ್ಯಾಲಿಪರ್ ಬಿಚ್ಚುವ ಮೊದಲೇ ಬ್ಲೀಡರಿಗೆ ಸರಿಯಾದ ರಿಂಗ್ ಸ್ಪ್ಯಾನರ್ ಹಾಕಿ ಒಂದು ಸಲ ಮೆಲ್ಲಗೆ ಲೂಸ್ ಮಾಡಿ, ಮತ್ತೆ ಮುಚ್ಚಿ. ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಲ ಹಾಕಿ ಮುರಿದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲಿ ಜೋತುಬಿಡಬೇಡಿ. ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಎಬಿಎಸ್ ಸೆನ್ಸರಿನ ವೈರ್ ಪಕ್ಕದಲ್ಲೇ ಹಾದುಹೋಗಿರುತ್ತದೆ. ಅದು ಎಳೆಯುವಂತಿದ್ದರೆ ಮೊದಲೇ ಕ್ಲಿಪ್ಪಿನಿಂದ ಬಿಡಿಸಿಕೊಳ್ಳಿ.

ಈಗ ಮುಖ್ಯ ಕೆಲಸ. ಬ್ಲೀಡರಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಸಿ ಕ್ಲ್ಯಾಂಪ್ ತಾಗುವಷ್ಟು ಬಿಗಿ ಮಾಡಿ. ಬ್ಲೀಡರನ್ನು ಅರ್ಧ ಸುತ್ತು ತೆಗೆಯಿರಿ. ಆಮೇಲೆ ಕ್ಲ್ಯಾಂಪ್ ತಿರುಗಿಸಿ, ಕಾಲು ಸುತ್ತಿನ ಹಾಗೆ, ನಿಧಾನಕ್ಕೆ. ಟ್ಯೂಬ್ ನೋಡುತ್ತಾ ಇರಿ. ಮೊದಲು ಬರುವ ಆಯಿಲ್ ಎಷ್ಟೋ ಸಲ ಮಸಿ ಕಲಸಿದ ನೀರಿನ ಹಾಗಿರುತ್ತದೆ, ತಳದಲ್ಲಿ ಕಪ್ಪು ಪುಡಿ ಕೂರುತ್ತದೆ. ಅದು ಬ್ಲಾಕಿಗೆ ಹೋಗುವ ಬದಲು ಬಾಟಲಿಗೆ ಬಂತು, ಅಲ್ವಾ? ಪಿಸ್ಟನ್ ಪೂರ್ತಿ ಒಳಗೆ ಹೋದ ತಕ್ಷಣ, ಕ್ಲ್ಯಾಂಪ್ ಬಿಗಿಯಾಗಿರುವಾಗಲೇ ಬ್ಲೀಡರ್ ಮುಚ್ಚಿ. ಕ್ಲ್ಯಾಂಪ್ ಮೊದಲು ಬಿಟ್ಟರೆ ಗಾಳಿ ಒಳಗೆ ಸೇರಬಹುದು. ಹೋಸಿಗೂ ಕ್ಲ್ಯಾಂಪ್ ಹಾಕುವವರು ಇದ್ದಾರೆ. ನಾನು ಹಾಕುವುದಿಲ್ಲ. ಬ್ಲೀಡರ್ ತೆರೆದಿದ್ದರೆ ಆಯಿಲ್ ಸುಲಭದ ದಾರಿ ಹಿಡಿಯುತ್ತದೆ, ಹಳೆ ಹೋಸನ್ನು ಹಿಂಡಿದರೆ ಒಳಪದರ ಕಿತ್ತುಬರುವ ಭಯ ಇದೆ.

ಬಿಚ್ಚಿದ ಪ್ಯಾಡ್‌ಗಳನ್ನು ಜೋಡಿಯಾಗಿಟ್ಟು ನೋಡಿ. ಒಂದು 6 ಮಿಲಿಮೀಟರ್, ಇನ್ನೊಂದು 2 ಮಿಲಿಮೀಟರ್ ಇದ್ದರೆ ಕ್ಯಾಲಿಪರ್ ಜಾರುವ ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ ಎಂದರ್ಥ. ಹೊಸ ಪ್ಯಾಡ್ ಹಾಕಿದರೂ ಅದೇ ಕತೆ. ಪಿನ್ ಎರಡನ್ನೂ ಎಳೆದು ಒರೆಸಿ. ಎಷ್ಟೋ ಕಾರಿನಲ್ಲಿ ಒಂದು ಪಿನ್ನಿಗೆ ಮಾತ್ರ ತುದಿಯಲ್ಲಿ ರಬ್ಬರ್ ಇರುತ್ತದೆ, ಮೇಲಿನದು ಕೆಳಗೆ ಹಾಕಬೇಡಿ. ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡವೇ ಬೇಡ, ಅದು ತಾಗಿದರೆ ಇಲ್ಲಿನ ರಬ್ಬರ್ ಊದಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ ತೊಳೆಯುವುದೂ ಅಷ್ಟೇ ತಪ್ಪು. ಪಿಸ್ಟನ್ನಿನ ಧೂಳು ತಡೆಯುವ ಬೂಟ್ ಹರಿದಿದ್ದರೆ ಕಿಟ್ ಹಾಕಿಸಿ, ಇಲ್ಲವೇ ಕ್ಯಾಲಿಪರ್ ಬದಲಾಯಿಸಿ.

ಬೋಲ್ಟುಗಳನ್ನು ಟಾರ್ಕ್ ರೆಂಚ್ ಇಟ್ಟು ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಆಮೇಲೆ ಆ ಚಕ್ರದಿಂದ ಹೊಸ ಆಯಿಲ್ ಬರುವವರೆಗೆ ಬ್ಲೀಡ್ ಮಾಡಿ, ಅಂದರೆ ಬ್ಲೀಡರ್ ಮೂಲಕ ಹಳೆ ಆಯಿಲ್, ಗಾಳಿ ಹೊರಬಿಡಿ. ಯಾವ ಆಯಿಲ್ ಎಂದು ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಅದೇ 3.7 ಶೇಕಡಾ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದಕ್ಕೇ ಸೀಲ್ ಒಡೆದು ಬಹಳ ದಿನ ಇಟ್ಟ ಬಾಟಲಿ ಬೇಡ. ಮೇಲಿನ ಡಬ್ಬಿ ಖಾಲಿಯಾಗದಂತೆ ಆಗಾಗ ತುಂಬುತ್ತಿರಿ. ಎಬಿಎಸ್ ಬ್ಲಾಕಿನೊಳಗೆ ಗಾಳಿ ಹೊಕ್ಕರೆ ಬರೀ ಪೆಡಲ್ ಒತ್ತಿ ತೆಗೆಯಲು ಆಗದೇ ಹೋಗಬಹುದು. ಆಗ ಸ್ಕ್ಯಾನರಿನಿಂದ ಬ್ಲಾಕಿನ ಪಂಪ್, ವಾಲ್ವ್ ಓಡಿಸಬೇಕಾಗುತ್ತದೆ. ಆಯಿಲ್ ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪ್ಯಾಡ್ ಇನ್ನೂ ಡಿಸ್ಕಿಗೆ ತಾಗಿರುವುದಿಲ್ಲ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಇಂಜಿನ್ ಶುರು ಮಾಡಿ ಎಬಿಎಸ್ ದೀಪ ಆರಿತೇ ನೋಡಿ. ಪೆಡಲ್ ಮೇಲೆ ಒಂದು ನಿಮಿಷ ಕಾಲಿಟ್ಟುಕೊಂಡೇ ಇರಿ, ಅದು ಕೆಳಗಿಳಿಯಬಾರದು. ಖಾಲಿ ಜಾಗದಲ್ಲಿ ಮೆಲ್ಲಗೆ ಓಡಿಸಿ ನಾಲ್ಕಾರು ಸಲ ನಿಲ್ಲಿಸಿ ನೋಡಿ. ಮರುದಿನ ಬೆಳಿಗ್ಗೆ ಬ್ಲೀಡರಿನ ಬುಡಕ್ಕೆ ಒಣ ಕಾಗದ ಒತ್ತಿ, ಒದ್ದೆಯಾಗಿದೆಯೇ ನೋಡಿ.