ಹಳೆಯ ಲ್ಯಾಪ್‌ಟಾಪಿನ ಗಡಿಯಾರದ ಬ್ಯಾಟರಿ ಬದಲಿಸಿದ ನನ್ನ ಅನುಭವ

ಮೈಸೂರಿನ ನಮ್ಮ ಮನೆಯಲ್ಲಿ ಥಿಂಕ್‌ಪ್ಯಾಡ್ ಟಿ60 ಎಂಬ ಹಳೆಯ ಲ್ಯಾಪ್‌ಟಾಪ್ ಇಂದಿಗೂ ಕೆಲಸ ಮಾಡುತ್ತಿದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ಅಕ್ಷರ ಕೆಡದಂತೆ ತೆರೆಯಲು ನನಗೆ ಅದೇ ಬೇಕು. ಅದರ ಮುಖ್ಯ ಬ್ಯಾಟರಿ ಸತ್ತ ಮೇಲೆ, ರಾತ್ರಿ ಅಡಾಪ್ಟರ್ ತೆಗೆದಿಟ್ಟು ಬೆಳಿಗ್ಗೆ ಆನ್ ಮಾಡಿದರೆ, ದಿನಾಂಕ ಮತ್ತು ಸಮಯವನ್ನು ಪರಿಶೀಲಿಸಿ ಎನ್ನುವ 0271 ಸೂಚನೆ ಬರತೊಡಗಿತು. ಹೊಸದಾಗಿ ಉಳಿಸಿದ ಕಡತಗಳು ತಪ್ಪು ದಿನಾಂಕ ಹೊತ್ತು ಹಳೆಯವುಗಳ ನಡುವೆ ಸೇರಿಹೋಗುತ್ತಿದ್ದುದು ನನಗೆ ನಿಜಕ್ಕೂ ಸಂಕಟ ತಂದಿತು.

ಯಂತ್ರವನ್ನು ಬಿಚ್ಚುವ ಮೊದಲು ಗಡಿಯಾರ ಯಾವಾಗ ತಪ್ಪುತ್ತದೆ, ಎಷ್ಟು ತಪ್ಪುತ್ತದೆ ಎಂಬುದನ್ನು ಗಮನಿಸಲೇಬೇಕು. ಆನ್ ಇರುವಾಗಲೇ ಸಮಯ ಹಿಂದೆ ಬಿದ್ದರೆ ದೋಷ ಸಾಮಾನ್ಯವಾಗಿ ತಂತ್ರಾಂಶದ ಕಡೆಯದು. ವಿದ್ಯುತ್ ಪೂರ್ತಿ ಕಡಿದಾಗ ಮಾತ್ರ ತಪ್ಪಿದರೆ ಮೊದಲು ಗಡಿಯಾರಕ್ಕೆಂದೇ ಒಳಗಿರುವ ಸಣ್ಣ ಬ್ಯಾಟರಿಯನ್ನೇ ಅನುಮಾನಿಸಬೇಕು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಗಡಿಯಾರದ ಹರಳಿಗೂ ಆ ಕಂಪನಗಳನ್ನು ಎಣಿಸುವ ವಿದ್ಯುತ್ ಮಂಡಲಕ್ಕೂ ಕೆಲವೇ ಮೈಕ್ರೋಆಂಪಿಯರ್ ಸಾಕಾಗುವುದರಿಂದ, ನಾಣ್ಯದಾಕಾರದ ಒಂದು ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ.

ಕೀಬೋರ್ಡನ್ನೂ ಅಂಗೈ ಊರುವ ಭಾಗವನ್ನೂ ಎತ್ತಿದಾಗ, ಹಳದಿ ಪ್ಲಾಸ್ಟಿಕ್ ಹೊದಿಸಿದ, ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಕಂಡಿತು. ಅದರ ಕೆಂಪು ಮತ್ತು ಕಪ್ಪು ತಂತಿಗಳು ಪುಟ್ಟ ಎರಡು ಪಿನ್ನಿನ ಕನೆಕ್ಟರಿನಲ್ಲಿ ಕೊನೆಗೊಂಡಿದ್ದವು. ಮಲ್ಟಿಮೀಟರ್ ಹಿಡಿದಾಗ 2.7 ವೋಲ್ಟ್ ತೋರಿಸಿತು. ಇಷ್ಟಿದ್ದರೆ ಸಾಕಲ್ಲವೇ ಎಂದು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು 1 ಕಿಲೋ ಓಮ್ ರೆಸಿಸ್ಟರನ್ನು ಹೊರೆಯಾಗಿ ಬ್ಯಾಟರಿಯ ಎರಡು ಧ್ರುವಗಳ ನಡುವೆ ಜೋಡಿಸಿ ಮತ್ತೆ ಅಳೆದೆ. ನೋಡನೋಡುತ್ತಿದ್ದಂತೆ ಅಂಕಿ 2 ವೋಲ್ಟಿಗಿಂತ ಕೆಳಗೆ ಜಾರಿತು. ಹೊಸ ಬ್ಯಾಟರಿಯಾದರೆ ಈ 3 ಮಿಲಿಆಂಪಿಯರ್ ಹೊರೆಗೆ ಹೆಚ್ಚೇನೂ ಕುಗ್ಗುವುದಿಲ್ಲ.

ಈ ಕೆಲಸದಲ್ಲಿ ಅತಿ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದೇ ಅಳತೆಯ, ಆದರೆ ಚಾರ್ಜ್ ಆಗುವ ಎಂಎಲ್2032 ಇರುತ್ತದೆ. ಅಲ್ಲಿ ಸಿಆರ್2032 ಹಾಕಿದರೆ, ಚಾರ್ಜ್ ಮಾಡಬಾರದ ಲಿಥಿಯಂ ಕೋಶಕ್ಕೆ ಬೋರ್ಡ್ ವಿದ್ಯುತ್ ತುಂಬುತ್ತಲೇ ಇರುತ್ತದೆ. ಅದು ಸೋರಬಹುದು, ಸಿಡಿಯಲೂಬಹುದು. ಆದ್ದರಿಂದ ಅಂಗಡಿಯವರು ಎರಡೂ ಒಂದೇ ಎಂದರೂ ಒಪ್ಪದೆ, ಹಳೆಯದರ ಮೇಲಿನ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು.

ಮೈಸೂರಿನ ಚಿಕ್ಕ ಗಡಿಯಾರ ಗೋಪುರದ ಸುತ್ತಲಿನ ಅಂಗಡಿಗಳಲ್ಲಿ ಬರಿಯ ಸಿಆರ್2032 ಬೇಕಾದಷ್ಟು ಸಿಗುತ್ತದೆ. ಆದರೆ ಅದಕ್ಕೆ ನೇರವಾಗಿ ಬೆಸುಗೆ ಹಾಕುವುದು ಅಪಾಯ, ಏಕೆಂದರೆ ಆ ಶಾಖವನ್ನು ಕೋಶ ತಡೆಯಲಾರದು. ಲೋಹದ ಪಟ್ಟಿ ಮೊದಲೇ ಜೋಡಿಸಿದ ಬ್ಯಾಟರಿಯನ್ನು ತರಿಸಿಕೊಂಡು, ಹಳೆಯ ತಂತಿಗಳನ್ನು ಆ ಪಟ್ಟಿಗೆ ಬೆಸೆದು, ಕೆಂಪು ತಂತಿ ಧನ ಧ್ರುವಕ್ಕೇ ಹೋಗಿದೆಯೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು, ನಿರೋಧಕ ಪಟ್ಟಿ ಸುತ್ತಿ ಕೂರಿಸಿದೆ.

ಯಂತ್ರ ಆನ್ ಆಗುವಾಗ ಎಫ್1 ಒತ್ತಿ, ಬಯಾಸ್ ಎಂಬ ಅದರ ಮೂಲ ಸಂಯೋಜನೆಯ ಪರದೆಯಲ್ಲಿ ಸಮಯ ಹೊಂದಿಸಿದ ಮೇಲೆ, ಮುಖ್ಯ ಬ್ಯಾಟರಿಯನ್ನೂ ಅಡಾಪ್ಟರನ್ನೂ ತೆಗೆದು ರಾತ್ರಿಯಿಡೀ ಬಿಟ್ಟೆ. ಅವುಗಳಲ್ಲಿ ಒಂದಿದ್ದರೂ ಗಡಿಯಾರಕ್ಕೆ ಅಲ್ಲಿಂದಲೇ ವಿದ್ಯುತ್ ಸಿಕ್ಕಿ ಪರೀಕ್ಷೆ ಹುಸಿಯಾಗುತ್ತದೆ. ಬೆಳಿಗ್ಗೆ ಬಯಾಸ್‌ನ ಸಮಯ ಸರಿಯಾಗಿತ್ತು.

ಆದರೆ ಅದೇ ಯಂತ್ರದಲ್ಲಿರುವ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿತ್ತು. ಇದು ಬ್ಯಾಟರಿಯ ದೋಷವಲ್ಲ: ಲಿನಕ್ಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯವನ್ನು (ಯುಟಿಸಿ) ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಕಾಲಮಾನವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸ್‌ನ ಆಯ್ಕೆಯನ್ನು ಬದಲಿಸಿದ ಮೇಲೆ ಎರಡೂ ಕಡೆ ಸಮಯ ತಾಳೆಯಾಯಿತು.